ಹಡಗಿನ ಹೊಗೆಗೆ ಯೂರಿಯಾ

ಬೆಂಕಿ ಏನನ್ನು ಸುಡುತ್ತದೆ ಎಂದು ಕೇಳಿದರೆ ಕಟ್ಟಿಗೆಯನ್ನು, ಇದ್ದಿಲನ್ನು, ಎಣ್ಣೆಯನ್ನು ಎಂದು ನಾವು ಉತ್ತರ ಹೇಳುತ್ತೇವೆ. ಉತ್ತರ ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ಬೆಂಕಿಯ ಕಾವು ಒಂದು ಮಟ್ಟವನ್ನು ಮೀರಿದರೆ ಅದು ತನ್ನ ಸುತ್ತಣ ಗಾಳಿಯನ್ನೇ ಸುಡತೊಡಗುತ್ತದೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ ಎಂಬುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಇವೆರಡೂ ಒಂದೇ ಮನೆಯಲ್ಲಿದ್ದು, ಒಂದರ ತಂಟೆಗೆ ಇನ್ನೊಂದು ಹೋಗದೆ ಬಾಳಿಕೊಂಡು ಬಂದಿವೆ. ಸಾರಜನಕದ ಎರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಬಿಗಿದಪ್ಪಿಕೊಂಡಿರುವುದೇ ಇದಕ್ಕೆ ಕಾರಣ. ಆ ಅಪ್ಪುಗೆಯನ್ನು ಬಿಡಿಸಲು ಸಿಡಿಲು ಬೇಕು. ಇಲ್ಲವೆ ಬಹು ದೊಡ್ಡ ಕಾವು ಬೇಕು. ಸುಮಾರು 1,500 ಡಿಗ್ರಿ ಸೆಲ್ಸಿಯಸ್ ದಾಟಿದ ಉರಿಯಲ್ಲಿ ಆಮ್ಲಜನಕದ ಬಿಡಿ ಪರಮಾಣುವೊಂದು ಸಾರಜನಕದ ಜೋಡಿಯ ಮೇಲೆರಗಿ, ಅದರಲ್ಲಿ ಒಂದನ್ನು ಕಿತ್ತುಕೊಂಡು ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಒಂಟಿಯಾಗಿ ಉಳಿದ ಇನ್ನೊಂದು ಸಾರಜನಕ ಆಮ್ಲಜನಕದ ಮತ್ತೊಂದು ಜೋಡಿಯನ್ನು ಒಡೆಯುತ್ತದೆ. ಸರಪಳಿ ಹೀಗೆಯೇ ಸಾಗುತ್ತದೆ. ಸೋವಿಯತ್ ವಿಜ್ಞಾನಿ ಯಾಕೊವ್ ಜೆಲ್ಡೊವಿಚ್ ಈ ಸರಪಳಿಯ ಕೊಂಡಿಗಳನ್ನು 1940ರ ದಶಕದಲ್ಲಿ ಬಿಡಿಸಿ ತೋರಿಸಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಗಂಧಕದ ಹೊಗೆ ಬರುವುದು ಎಣ್ಣೆಯಲ್ಲಿರುವ ಗಂಧಕದಿಂದ. ಎಣ್ಣೆಯನ್ನು ಶುದ್ಧಿಮಾಡಿದರೆ ಆ ಹೊಗೆ ನಿಲ್ಲುತ್ತದೆ. ಸಾರಜನಕದ ಆಕ್ಸೈಡುಗಳ ಸಂಗತಿ ಹಾಗಲ್ಲ. ಎಣ್ಣೆ ಎಷ್ಟೇ ಶುದ್ಧವಾಗಿರಲಿ, ಇದಕ್ಕೆ ಬೇಕಾದ ಸರಕು ಗಾಳಿಯಲ್ಲೇ ಇದೆ. ಬೇಕಾದದ್ದು ಕಾವು ಮಾತ್ರ.

ಎಂಜಿನಿನಿಂದ ಹೊರಬೀಳುವಾಗ ನೈಟ್ರಿಕ್ ಆಕ್ಸೈಡಿಗೆ ಬಣ್ಣವಿಲ್ಲ. ಹಡಗಿನ ಹೊಗೆ ಎಂದರೆ ನಾವು ಕಪ್ಪು ಹೊಗೆಯನ್ನು ನೆನೆಯುತ್ತೇವಲ್ಲವೆ? ಕಪ್ಪು ಕಾಣಿಸದಿದ್ದರೆ ಹಡಗು ಚೊಕ್ಕಟವಾಗಿ ಓಡುತ್ತಿದೆ ಎಂದು ಸಮಾಧಾನಪಡುತ್ತೇವೆ. ಕಣ್ಣಿಗೆ ಕಾಣದ ಈ ಅನಿಲ ಗಾಳಿಗೆ ಬಂದ ಮೇಲೆ ಮೆಲ್ಲನೆ ಕಂದುಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಆಗಿ ಶ್ವಾಸಕೋಶವನ್ನು ಕೆರಳಿಸುತ್ತದೆ; ಉಬ್ಬಸದ ರೋಗಿಗಳಿಗೆ ಇದು ಶತ್ರು. ಬಿಸಿಲಿನಲ್ಲಿ ಇತರ ಆವಿಗಳೊಡನೆ ಕೂಡಿ ನೆಲಮಟ್ಟದ ಓಜೋನನ್ನು ಹುಟ್ಟಿಸುತ್ತದೆ. ಲಾಸ್ ಏಂಜಲಿಸ್ ನಗರದ ಕಣ್ಣುರಿಸುವ ಮಂಜಿಗೆ ಇದೇ ಮೂಲವೆಂದು ಡಚ್ ಸಂಜಾತ ರಸಾಯನಶಾಸ್ತ್ರಜ್ಞ ಆರಿ ಹಾಗೆನ್-ಸ್ಮಿತ್ 1950ರ ಸುಮಾರಿಗೆ ತೋರಿಸಿಕೊಟ್ಟರು. ಕೊನೆಗೆ ಅದು ನೈಟ್ರಿಕ್ ಆಮ್ಲವಾಗಿ, ನೈಟ್ರೇಟಿನ ಸೂಕ್ಷ್ಮ ಕಣಗಳಾಗಿ ನೆಲಕ್ಕೋ ನೀರಿಗೋ ಇಳಿಯುತ್ತದೆ. ನೀರಿಗೆ ಇಳಿದ ಸಾರಜನಕ ಗೊಬ್ಬರವೇ ತಾನೆ? ಊರ ಕೊಳಚೆ ಸೇರಿದ ನಮ್ಮ ಕೆರೆಗಳಲ್ಲಿ ಅಂತರಗಂಗೆ ಹಬ್ಬಿಕೊಳ್ಳುವುದನ್ನು ನೋಡಿದವರಿಗೆ ಬೇಡದ ನೀರಿಗೆ ಬಿದ್ದ ಗೊಬ್ಬರ ಏನು ಮಾಡುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಈಗ ಹಡಗಿಗೆ ಬರೋಣ. ಸರಕು ಸಾಗಿಸುವ ದೊಡ್ಡ ಹಡಗುಗಳನ್ನು ಓಡಿಸುವುದು ಡೀಸೆಲ್ ಎಂಜಿನು. ಅದನ್ನು ಕಲ್ಪಿಸಿದ ರುಡಾಲ್ಫ್ ಡೀಸೆಲ್ 1913ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ರಾತ್ರಿ ಕಾಣೆಯಾಗಿ ಸಮುದ್ರದ ಪಾಲಾದರು. ಆ ಹಡಗು ಉಗಿಯ ಹಡಗು. ಅದಕ್ಕೆ ಒಂದು ವರ್ಷ ಹಿಂದೆ, 1912ರಲ್ಲಿ, ಕೋಪನ್‌ಹೇಗನ್ನಿನಲ್ಲಿ ಕಟ್ಟಿದ ‘ಸೆಲಾಂಡಿಯಾ’ ಎಂಬ ಹಡಗು ಡೀಸೆಲಿನ ಬಲದಿಂದಲೇ ಬ್ಯಾಂಕಾಕಿಗೆ ಹೋಗಿ ಬಂದಿತ್ತು. ಅಲ್ಲಿಂದ ಮುಂದಕ್ಕೆ ಈ ಎಂಜಿನು ಬೆಳೆದ ಪರಿ ಅದ್ಭುತವಾದುದು. 2006ರಲ್ಲಿ ನೀರಿಗಿಳಿದ ‘ಎಮ್ಮಾ ಮೇರ್ಸ್ಕ್’ ಎಂಬ ಹಡಗಿನ ಎಂಜಿನಿಗೆ 14 ಸಿಲಿಂಡರುಗಳು. ಒಂದೊಂದರ ಅಡ್ಡಳತೆ 96 ಸೆಂಟಿಮೀಟರ್. ಅದರೊಳಗೆ ಪಿಸ್ಟನ್ನು ಏರಿಳಿಯುವ ದೂರ ಎರಡೂವರೆ ಮೀಟರ್. ಎಂದರೆ ಎತ್ತರದ ಆಳೊಬ್ಬ ಒಳಗೆ ನೆಟ್ಟಗೆ ನಿಲ್ಲಬಹುದು. ಇಷ್ಟು ದೊಡ್ಡ ಯಂತ್ರ ನಿಮಿಷಕ್ಕೆ ನೂರು ಸುತ್ತಿನ ಆಸುಪಾಸಿನಲ್ಲಿ ಗಂಭೀರವಾಗಿ ತಿರುಗುತ್ತದೆ. ಎಣ್ಣೆಯಲ್ಲಿರುವ ಶಕ್ತಿಯ ಸುಮಾರು ಅರ್ಧವನ್ನು ಅದು ಕೆಲಸವಾಗಿ ಮಾರ್ಪಡಿಸುತ್ತದೆ. ರಸ್ತೆಯ ಮೇಲಿನ ಎಂಜಿನುಗಳಿಗೆ ಇದು ಸುಲಭವಾಗಿ ಎಟುಕುವ ಸಾಧನೆಯಲ್ಲ.

ಆದರೆ ಗುಣದ ಬೆನ್ನಿಗೇ ದೋಷ ಅಂಟಿಕೊಂಡಿದೆ. ಎಂಜಿನು ಇಷ್ಟು ಮಿತವ್ಯಯಿಯಾಗಿರುವುದು ಒಳಗಿನ ಒತ್ತಡ, ಒಳಗಿನ ಕಾವು ಅಷ್ಟು ಹೆಚ್ಚಾಗಿರುವುದರಿಂದ. ಆ ಕಾವೇ ಗಾಳಿಯನ್ನು ಸುಡುವುದು. ನಿಧಾನಗತಿಯಾದ್ದರಿಂದ ಸುಡಲು ಬೇಕಾದಷ್ಟು ಸಮಯವೂ ಸಿಗುತ್ತದೆ. ಎಣ್ಣೆಯನ್ನು ಸ್ವಲ್ಪ ತಡವಾಗಿ ಚಿಮ್ಮಿಸಿ ಕಾವನ್ನು ತಗ್ಗಿಸಬಹುದು. ಆಗ ಸಾರಜನಕದ ಆಕ್ಸೈಡು ಇಳಿಯುತ್ತದೆ, ಎಣ್ಣೆಯ ಖರ್ಚು ಏರುತ್ತದೆ. ಎಣ್ಣೆ ಉಳಿಸಹೊರಟರೆ ಆಕ್ಸೈಡು ಏರುತ್ತದೆ. ಒಲೆಯೊಳಗಿನ ಈ ಜಗಳವನ್ನು ಒಲೆಯೊಳಗೇ ಪೂರ್ತಿ ತೀರಿಸುವುದು ಕಷ್ಟ. ಆದುದರಿಂದಲೇ ಒಲೆಯ ಆಚೆ, ಹೊಗೆಯ ಕೊಳವೆಯಲ್ಲಿ ಪರಿಹಾರ ಹುಡುಕುವ ಯೋಚನೆ ಹುಟ್ಟಿತು.

ಹಡಗುಗಳು ನಡುಗಡಲಿನಲ್ಲಿ ಬಿಡುವ ಹೊಗೆ ನಮಗೇಕೆ ಎನ್ನುವವರಿಗೆ ಒಂದು ಚಿತ್ರವನ್ನು ಕುರಿತು ಹೇಳಬೇಕು. ಯುರೋಪಿನವರು 1995ರಲ್ಲಿ ಹಾರಿಸಿದ ಇ.ಆರ್.ಎಸ್.-2 ಎಂಬ ಉಪಗ್ರಹದಲ್ಲಿ ನೈಟ್ರೋಜನ್ ಡೈಆಕ್ಸೈಡನ್ನು ಮೇಲಿನಿಂದಲೇ ಅಳೆಯುವ ಉಪಕರಣವಿತ್ತು. ಹಲವು ವರ್ಷಗಳ ಅಳತೆಗಳನ್ನು ಕೂಡಿಸಿ ನೋಡಿದಾಗ ಹಿಂದೂ ಮಹಾಸಾಗರದ ಮೇಲೆ, ಲಂಕೆಯ ದಕ್ಷಿಣ ತುದಿಯಿಂದ ಸುಮಾತ್ರದ ಕಡೆಗೆ, ಅಡ್ಡಗೋಲಿಟ್ಟು ಎಳೆದಂತೆ ಒಂದು ಗೆರೆ ಮೂಡಿತು. 2004ರಲ್ಲಿ ಪ್ರಕಟವಾದ ಆ ಗೆರೆ ಬೇರೇನೂ ಅಲ್ಲ, ಮಲಾಕ್ಕ ಜಲಸಂಧಿಗೆ ಹೋಗಿಬರುವ ಹಡಗುಗಳ ದಾರಿ. ನೀರಿನ ಮೇಲೆ ಹಡಗಿನ ಹೆಜ್ಜೆ ಉಳಿಯುವುದಿಲ್ಲ ಎಂದು ಕವಿಗಳು ಹೇಳಿಯಾರು, ಗಾಳಿಯಲ್ಲಿ ಉಳಿಯುತ್ತದೆ. ಮನುಷ್ಯ ಕೃತ್ಯದಿಂದ ಹುಟ್ಟುವ ಸಾರಜನಕದ ಆಕ್ಸೈಡುಗಳಲ್ಲಿ ಸುಮಾರು ನೂರಕ್ಕೆ 15 ಪಾಲು ಹಡಗುಗಳದು ಎಂದು ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ 2014ರ ವರದಿ ಲೆಕ್ಕಹಾಕಿದೆ.

ಈ ಸಂಸ್ಥೆಯ ಕಚೇರಿ ಇರುವುದು ಲಂಡನ್ನಿನಲ್ಲಿ. ಹಡಗುಗಳಿಂದಾಗುವ ಮಾಲಿನ್ಯವನ್ನು ತಡೆಯುವ ಒಪ್ಪಂದಕ್ಕೆ ಅದು 1997ರಲ್ಲಿ ಗಾಳಿಯ ಅಧ್ಯಾಯವೊಂದನ್ನು ಸೇರಿಸಿತು. ಅದು ಜಾರಿಗೆ ಬಂದದ್ದು 2005ರಲ್ಲಿ. ಅದರ ಲೆಕ್ಕ ಹೀಗಿದೆ. ಮನೆಯ ವಿದ್ಯುತ್ ಬಿಲ್ಲಿನಲ್ಲಿ ‘ಯೂನಿಟ್’ ಎಂದು ಬರುತ್ತದಲ್ಲ, ಅಷ್ಟು ಕೆಲಸವನ್ನು ಎಂಜಿನು ಮಾಡಿದಾಗ ಎಷ್ಟು ಗ್ರಾಂ ಆಕ್ಸೈಡು ಬಿಡಬಹುದು ಎಂಬುದೇ ಮಿತಿ. ನಿಧಾನಗತಿಯ ದೊಡ್ಡ ಎಂಜಿನುಗಳಿಗೆ, 2000ದಿಂದ ಕಟ್ಟಿದ ಹಡಗುಗಳಲ್ಲಿ ಯೂನಿಟ್ಟಿಗೆ 17 ಗ್ರಾಂ; 2011ರಿಂದ ಕಟ್ಟಿದವುಗಳಲ್ಲಿ 14.4 ಗ್ರಾಂ. ಈ ಎರಡು ಹಂತಗಳನ್ನು ಎಂಜಿನಿನ ಒಳಗೆ ಅದನ್ನಿದನ್ನು ತಿದ್ದಿ ಮುಟ್ಟಬಹುದಾಗಿತ್ತು. ಮೂರನೆಯ ಹಂತ 3.4 ಗ್ರಾಂ. ಮೊದಲ ಹಂತದ ಐದನೆಯ ಒಂದು ಪಾಲು! ಹತ್ತು ಸಾವಿರ ಕಿಲೋವಾಟಿನ ಎಂಜಿನೊಂದು ಒಂದು ಗಂಟೆ ಪೂರ್ಣ ಶಕ್ತಿಯಿಂದ ಓಡಿದರೆ, ಎರಡನೆಯ ಹಂತದ ಮಿತಿಯಲ್ಲಿ 144 ಕಿಲೋ ಆಕ್ಸೈಡು ಬರುತ್ತದೆ. ಮೂರನೆಯ ಹಂತದಲ್ಲಿ 34 ಕಿಲೋ. ಈ ಜಿಗಿತವನ್ನು ಹಾರಲು ಬೇರೆ ದಾರಿಗಳೂ ಉಂಟು. ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಎಂಜಿನಿಗೇ ಉಣಿಸುವುದು ಒಂದು. ಎಣ್ಣೆಯ ಬದಲು ಅನಿಲವನ್ನು ಉರಿಸುವುದು ಇನ್ನೊಂದು. ಹಳೆಯದೂ ಪಳಗಿದುದೂ ಆದ ದಾರಿ ಮಾತ್ರ ವೇಗವರ್ಧಕದ್ದು. ಎಂಜಿನಿಯರುಗಳು ಅದನ್ನು ಎಸ್.ಸಿ.ಆರ್. ಎಂದು ಕರೆಯುತ್ತಾರೆ. ‘ಆಯ್ದು ಅಪಕರ್ಷಿಸುವುದು’ ಎಂದು ಕನ್ನಡಿಸಬಹುದು. ‘ಆಯ್ದು’ ಎಂಬ ಮಾತಿನಲ್ಲೇ ಅದರ ಹೆಚ್ಚಳವಿದೆ.

ಹೇಗೆಂದರೆ, ನೈಟ್ರಿಕ್ ಆಕ್ಸೈಡಿನಿಂದ ಆಮ್ಲಜನಕವನ್ನು ಕಿತ್ತುಹಾಕಿದರೆ ಉಳಿಯುವುದು ಶುದ್ಧ ಸಾರಜನಕ, ಗಾಳಿಯಿಂದ ಬಂದದ್ದು ಗಾಳಿಗೆ. ಕೀಳುವ ಕೈ ಯಾವುದು? ಡೀಸೆಲ್ ಹೊಗೆಯಲ್ಲಿ ಉರಿಯದೆ ಉಳಿದ ಆಮ್ಲಜನಕ ಧಾರಾಳವಾಗಿರುತ್ತದೆ. ನೈಟ್ರಿಕ್ ಆಕ್ಸೈಡು ಇರುವುದು ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಆಮ್ಲಜನಕವನ್ನು ಬಯಸುವ ಸಾಮಾನ್ಯ ಪದಾರ್ಥವನ್ನು ಒಳಗೆ ಬಿಟ್ಟರೆ ಅದು ಎದುರಿಗೆ ರಾಶಿಯಾಗಿರುವ ಆಮ್ಲಜನಕದೊಡನೆ ಸೇರಿ ಮುಗಿದುಹೋಗುತ್ತದೆ. ಜಾತ್ರೆಯ ಜನಸಂದಣಿಯಲ್ಲಿ ಒಬ್ಬ ಕಳ್ಳನನ್ನು ಹಿಡಿಯಬೇಕು, ಆದರೆ ಸಿಕ್ಕಸಿಕ್ಕವರ ಕೈ ಹಿಡಿಯಬಾರದು ಎಂಬಂಥ ಕೆಲಸ ಇದು. ಅಮೋನಿಯಕ್ಕೆ ಆ ಆಯ್ಕೆಯ ಬುದ್ಧಿಯಿದೆ. ತಕ್ಕ ವೇಗವರ್ಧಕದ ಮೇಲೆ, ತಕ್ಕ ಕಾವಿನಲ್ಲಿ, ಅದು ಜಾತ್ರೆಯನ್ನು ಬಿಟ್ಟು ಕಳ್ಳನನ್ನೇ ಹಿಡಿಯುತ್ತದೆ. ನೈಟ್ರಿಕ್ ಆಕ್ಸೈಡಿನ ನಾಲ್ಕು ಅಣು, ಅಮೋನಿಯದ ನಾಲ್ಕು ಅಣು, ಆಮ್ಲಜನಕದ ಒಂದು ಅಣು ಸೇರಿ ಸಾರಜನಕದ ನಾಲ್ಕು ಅಣುಗಳೂ ನೀರಿನ ಆರು ಅಣುಗಳೂ ಆಗುತ್ತವೆ. ಬೂದಿಯಿಲ್ಲ, ಕೆಸರಿಲ್ಲ.

ವೇಗವರ್ಧಕವೆಂದರೇನು ಎಂಬುದಕ್ಕೆ ಕೆಲವರು ಹಾಲಿಗೆ ಹಾಕುವ ಹೆಪ್ಪಿನ ಉಪಮೆ ಕೊಡುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಹೆಪ್ಪು ತಾನೇ ಬೆಳೆದು ಹಾಲನ್ನೆಲ್ಲ ತನ್ನಂತೆ ಮಾಡುತ್ತದೆ. ವೇಗವರ್ಧಕ ಬೆಳೆಯುವುದೂ ಇಲ್ಲ, ಕರಗುವುದೂ ಇಲ್ಲ. ಅಂಬಿಗನ ಉಪಮೆ ಮೇಲು. ಹೊಳೆ ತುಂಬಿ ಹರಿಯುವಾಗ ಈಜಿ ದಾಟಬಲ್ಲವರು ಎಲ್ಲೋ ಒಬ್ಬರು. ಅಂಬಿಗ ಬಂದು ದಾಟಿಸಿದರೆ ಎಲ್ಲರೂ ದಾಟುತ್ತಾರೆ. ಆತ ಬರಿಯ ದೋಣಿಯೊಡನೆ ಮೊದಲ ದಡಕ್ಕೆ ಮರಳುತ್ತಾನೆ. ಹಡಗಿನ ಉಪಕರಣದಲ್ಲಿ ಈ ಅಂಬಿಗ ವೆನೇಡಿಯಂ ಎಂಬ ಲೋಹದ ಆಕ್ಸೈಡು. ಜೇನುಹಟ್ಟಿನಂತೆ ತೂತುತೂತಾದ ಇಟ್ಟಿಗೆಗಳ ಮೈಯಲ್ಲಿ, ಟೈಟಾನಿಯಂ ಆಕ್ಸೈಡಿನ ತಳಹದಿಯ ಮೇಲೆ, ಟಂಗ್‌ಸ್ಟನ್ನಿನ ನೆರವಿನೊಡನೆ ಅದನ್ನು ಕೂರಿಸಿರುತ್ತಾರೆ. ಅಮೋನಿಯ ಬಂದು ಅದರ ಮೇಲೆ ಕೂರುತ್ತದೆ. ಹಾಯ್ದುಹೋಗುವ ನೈಟ್ರಿಕ್ ಆಕ್ಸೈಡು ಅದಕ್ಕೆ ಸಿಕ್ಕಿಬೀಳುತ್ತದೆ. ಈ ವ್ಯವಹಾರದಲ್ಲಿ ವೆನೇಡಿಯಂ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಹೊಗೆಯಲ್ಲಿರುವ ಆಮ್ಲಜನಕ ಅದನ್ನು ಮತ್ತೆ ಮೇಲಕ್ಕೆ ತರುತ್ತದೆ. ಅಂಬಿಗ ದಡಕ್ಕೆ ಮರಳಿದ ಹಾಗೆ.

ಅಮೋನಿಯ ಘಾಟಿನ ವಿಷಾನಿಲ. ಅದನ್ನು ತೊಟ್ಟಿಯಲ್ಲಿ ತುಂಬಿಕೊಂಡು ಕಡಲಿಗೆ ಹೋಗುವುದು ಅಪಾಯ. ಆದುದರಿಂದ ಹಡಗುಗಳು ಯೂರಿಯಾವನ್ನು ಒಯ್ಯುತ್ತವೆ. ಹೌದು, ನಮ್ಮ ರೈತರು ಭತ್ತಕ್ಕೂ ಜೋಳಕ್ಕೂ ಹಾಕುವ ಅದೇ ಯೂರಿಯಾ, ಮಾತ್ರ ಬಹಳ ಶುದ್ಧಗೊಳಿಸಿದ್ದು. ನೂರಕ್ಕೆ 40 ಪಾಲು ಯೂರಿಯಾ ಕರಗಿಸಿದ ನೀರನ್ನು ಬಿಸಿ ಹೊಗೆಯೊಳಗೆ ತುಂತುರಾಗಿ ಚಿಮ್ಮಿಸುತ್ತಾರೆ. ನೀರು ಆವಿಯಾಗುತ್ತದೆ, ಯೂರಿಯಾ ಒಡೆದು ಅಮೋನಿಯ ಹೊರಬರುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸರಕಿನ ಹಡಗಿನಲ್ಲಿ ಎಂಜಿನಿಯರು. ರಜೆಯಲ್ಲಿ ಬಂದಾಗ, “ನಮ್ಮಪ್ಪ ಗದ್ದೆಗೆ ಯೂರಿಯಾ ಎರಚುತ್ತಾರೆ ಮೇಷ್ಟ್ರೆ, ನಾನು ಹೊಗೆಗೆ ಎರಚುತ್ತೇನೆ” ಎಂದು ನಗುತ್ತಾನೆ. ಅವನ ನಗೆಯಲ್ಲಿ ರಸಾಯನಶಾಸ್ತ್ರವೂ ಇದೆ. ಯೂರಿಯಾಕ್ಕೆ ಬೇಕಾದ ಅಮೋನಿಯವನ್ನು ತಯಾರಿಸುವುದೂ ಗಾಳಿಯ ಸಾರಜನಕದಿಂದಲೇ. ಆ ಬಿಗಿಯಾದ ಅಪ್ಪುಗೆಯನ್ನು ಬಿಡಿಸಿ ಜಲಜನಕದೊಡನೆ ಸೇರಿಸುವ ಬಗೆಯನ್ನು ಹಾಬರ್ ಕಂಡುಹಿಡಿದರು, ಬಾಷ್ ಅದನ್ನು ಕಾರ್ಖಾನೆಗೆ ತಂದರು. 1913ರಲ್ಲಿ ಜರ್ಮನಿಯಲ್ಲಿ ಅದು ಆರಂಭವಾಯಿತು. ಒಂದು ಕಡೆ ಸಾರಜನಕವನ್ನು ಬಲವಂತದಿಂದ ಬಿಡಿಸಿ ಗೊಬ್ಬರ ಮಾಡುತ್ತೇವೆ. ಇನ್ನೊಂದು ಕಡೆ ಬೇಡವಾಗಿ ಬಿಡಿಸಿಕೊಂಡ ಸಾರಜನಕವನ್ನು ಅದೇ ಗೊಬ್ಬರದಿಂದ ಮತ್ತೆ ಕಟ್ಟಿಹಾಕುತ್ತೇವೆ. ನಮ್ಮ ರಸ್ತೆಗಳಲ್ಲೂ ಇದು ನಡೆದಿದೆ. 2020ರ ಏಪ್ರಿಲಿನಿಂದ ಭಾರತ ಹಂತ 6ರ ನಿಯಮ ಬಂದ ಮೇಲೆ ಹೆಚ್ಚಿನ ಲಾರಿ ಬಸ್ಸುಗಳು ಇದೇ ದ್ರವವನ್ನು ಸ್ವಲ್ಪ ತೆಳ್ಳಗೆ, ನೂರಕ್ಕೆ 32.5 ಪಾಲಿನಂತೆ, ಬಳಸುತ್ತವೆ. ಪೆಟ್ರೋಲ್ ಬಂಕುಗಳಲ್ಲಿ ಸಾಲಾಗಿಟ್ಟ ಪ್ಲಾಸ್ಟಿಕ್ ಬಕೆಟ್ಟುಗಳನ್ನು ನೀವು ನೋಡಿರಬಹುದು. ಆ ದ್ರವ ಮುಗಿದರೆ ಲಾರಿಯ ಎಂಜಿನು ತಾನೇ ಶಕ್ತಿ ಕುಗ್ಗಿಸಿಕೊಂಡು ಚಾಲಕನನ್ನು ಎಚ್ಚರಿಸುವಂತೆ ಮಾಡಿದ್ದಾರೆ. ಈ ಸಂಗತಿ ನೆನಪಿನಲ್ಲಿರಲಿ.

ಖರ್ಚೆಷ್ಟು? ಮೇಲೆ ಹೇಳಿದ ಹತ್ತು ಸಾವಿರ ಕಿಲೋವಾಟಿನ ಎಂಜಿನಿಗೆ ಎರಡನೆಯ ಹಂತದಿಂದ ಮೂರನೆಯ ಹಂತಕ್ಕೆ ಇಳಿಯಲು ಗಂಟೆಗೆ ಸುಮಾರು 180 ಕಿಲೋ ದ್ರವ ಬೇಕಾಗುತ್ತದೆ. ಉರಿಸುವ ಎಣ್ಣೆಯ ತೂಕದ ಹತ್ತನೆಯ ಒಂದು ಪಾಲು ಎನ್ನಬಹುದು. ದಿನಕ್ಕೆ ನಾಲ್ಕು ಟನ್ನಿಗೂ ಮೇಲಾಯಿತು. ಹಡಗಿನ ಯಜಮಾನನಿಗೆ ಇದರಿಂದ ಒಂದು ಕಾಸಿನ ಆದಾಯವೂ ಇಲ್ಲ. ಮುಂದಿನ ಕಥೆಯೆಲ್ಲ ಈ ಒಂದು ವಾಕ್ಯದಲ್ಲಿ ಅಡಗಿದೆ.

ಈ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಬಳಸಿದವರು ಜಪಾನೀಯರು, 1970ರ ದಶಕದಲ್ಲಿ, ವಿದ್ಯುತ್ ಸ್ಥಾವರಗಳ ಚಿಮಣಿಗಳಲ್ಲಿ. ಹಡಗಿಗೆ ಬಂದದ್ದು 1990ರ ಸುಮಾರಿಗೆ. ಕೊರಿಯಾದಿಂದ ಕ್ಯಾಲಿಫೋರ್ನಿಯದ ಕಾರ್ಖಾನೆಯೊಂದಕ್ಕೆ ಉಕ್ಕು ಸಾಗಿಸುವ ಕೆಲವು ಹಡಗುಗಳಿಗೆ ಇದನ್ನು ಜೋಡಿಸಿದರು. ಹೊಗೆಯ ವಿಷಯದಲ್ಲಿ ಸುಟ್ಟುಕೊಂಡ ನಾಡು ಅದು. ಆಮೇಲೆ ಸ್ವೀಡನ್ನು. 1998ರಿಂದ ಅಲ್ಲಿನ ಸರ್ಕಾರ ಬಂದರಿಗೆ ಬರುವ ಹಡಗುಗಳ ಜಲಮಾರ್ಗ ಸುಂಕವನ್ನು ಆಕ್ಸೈಡಿನ ಪ್ರಮಾಣಕ್ಕೆ ತಕ್ಕಂತೆ ಏರಿಳಿಸಿತು. ಕಡಿಮೆ ಬಿಡುವವರಿಗೆ ಕಡಿಮೆ ಸುಂಕ. ನಾರ್ವೆ 2007ರಲ್ಲಿ ಕಿಲೋ ಲೆಕ್ಕದಲ್ಲಿ ತೆರಿಗೆಯನ್ನೇ ಹಾಕಿತು. ಮರುವರ್ಷ ಅಲ್ಲಿನ ಉದ್ಯಮಿಗಳೂ ಸರ್ಕಾರವೂ ಒಂದು ಒಪ್ಪಂದಕ್ಕೆ ಬಂದರು. ತೆರಿಗೆಯ ಬದಲು ಅದಕ್ಕಿಂತ ಕಡಿಮೆ ಹಣವನ್ನು ಒಂದು ನಿಧಿಗೆ ಕಟ್ಟುವುದು, ಆ ನಿಧಿಯಿಂದ ಹಡಗುಗಳಿಗೆ ಉಪಕರಣ ಜೋಡಿಸಲು ನೆರವು ಪಡೆಯುವುದು. ದಂಡವಾಗಿ ಹೋಗುವ ಹಣ ಮದ್ದಾಗಿ ಹಿಂದಿರುಗುವ ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಬೆದರಿಕೆಯೂ ಇದೆ, ಬೆಲ್ಲವೂ ಇದೆ. ಬಾಲ್ಟಿಕ್ ಸಮುದ್ರದ ಸುತ್ತಲಿನ ದೇಶಗಳಿಗೆ ಇಷ್ಟು ಆತುರ ಏಕೆಂದರೆ, ಆ ಸಮುದ್ರ ಬಹುಮಟ್ಟಿಗೆ ಒಂದು ದೊಡ್ಡ ಕೆರೆ. ಆಳ ಕಡಿಮೆ, ಹೊರಸಾಗರದೊಡನೆ ನೀರು ಬದಲಾಗಲು ದಶಕಗಳೇ ಬೇಕು. ಬಿದ್ದ ಸಾರಜನಕ ಅಲ್ಲೇ ಉಳಿದು, ಬೇಸಗೆಯಲ್ಲಿ ಪಾಚಿ ಹೊದಿಕೆಯಾಗಿ ಹಬ್ಬಿ, ಸತ್ತು ಕೊಳೆತು, ತಳದ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಅಲ್ಲಿ ಮೀನು ಬದುಕುವುದಿಲ್ಲ.

ಇಷ್ಟೆಲ್ಲ ಪಳಗಿದ ವಿದ್ಯೆಯಾದರೆ ತೊಡಕೆಲ್ಲಿ? ತೊಡಕು ಕಾವಿನಲ್ಲೇ ಇದೆ. ನಮ್ಮ ಅಂಬಿಗ ಬಿಸಿಯಲ್ಲಿ ಮಾತ್ರ ಹುಟ್ಟು ಹಾಕುವವನು. ಹೊಗೆ 300 ಡಿಗ್ರಿಯ ಆಸುಪಾಸು ಇಲ್ಲವೆ ಅದಕ್ಕಿಂತ ಮೇಲಿದ್ದರೆ ಕೆಲಸ ಚೆನ್ನಾಗಿ ಸಾಗುತ್ತದೆ. ಕೆಳಗಿಳಿದರೆ ಎರಡು ಕೇಡು. ಮೊದಲನೆಯದು, ಅಮೋನಿಯ ಕೆಲಸ ಮಾಡದೆ ಹಾಗೆಯೇ ಹೊರಗೆ ಹೋಗುತ್ತದೆ. ಎರಡನೆಯದು, ಎಣ್ಣೆಯ ಗಂಧಕದಿಂದ ಹುಟ್ಟಿದ ಅನಿಲದೊಡನೆ ಸೇರಿ ಅಮೋನಿಯಂ ಬೈಸಲ್ಫೇಟ್ ಎಂಬ ಅಂಟುಪದಾರ್ಥವಾಗುತ್ತದೆ. ಅದು ಜೇನುಹಟ್ಟಿನ ಕಣ್ಣುಗಳಲ್ಲಿ ಕೂತು ವೇಗವರ್ಧಕದ ಉಸಿರು ಕಟ್ಟಿಸುತ್ತದೆ. ಹಡಗಿನ ಎಣ್ಣೆಯಲ್ಲಿ ಗಂಧಕದ ಮಿತಿ ನೂರಕ್ಕೆ 3.5 ಪಾಲಿನಿಂದ 2020ರಲ್ಲಿ ಅರ್ಧ ಪಾಲಿಗೆ ಇಳಿದ ಮೇಲೆ ಈ ಕಾಟ ಕಡಿಮೆಯಾಗಿದೆ; ತಪ್ಪಿಲ್ಲ.

ಈಗ ನಿಧಾನಗತಿಯ ಎಂಜಿನಿನ ಮಿತವ್ಯಯವನ್ನು ನೆನೆಯಿರಿ. ಎಣ್ಣೆಯ ಶಕ್ತಿಯನ್ನು ಅದು ಎಷ್ಟು ಚೆನ್ನಾಗಿ ಹಿಂಡಿಕೊಳ್ಳುತ್ತದೆಯೆಂದರೆ ಟರ್ಬೋಚಾರ್ಜರನ್ನು ದಾಟಿದ ಹೊಗೆ 250 ಡಿಗ್ರಿಯಷ್ಟು ಮಾತ್ರ ಇರುತ್ತದೆ. ಆದುದರಿಂದ ವೇಗವರ್ಧಕದ ದೊಡ್ಡ ಉಕ್ಕಿನ ಪೆಟ್ಟಿಗೆಯನ್ನು ಅನೇಕ ಹಡಗುಗಳಲ್ಲಿ ಟರ್ಬೋಚಾರ್ಜರಿಗೆ ಮುಂಚೆಯೇ, ಒತ್ತಡವೂ ಬಿಸಿಯೂ ಹೆಚ್ಚಿರುವ ಕಡೆ ಇಡುತ್ತಾರೆ. ಚಿಕ್ಕ ಹಡಗುಗಳ, ಜನರನ್ನು ಸಾಗಿಸುವ ಫೆರಿಗಳ ಎಂಜಿನುಗಳು ಬೇರೆ ಜಾತಿಯವು. ಅವುಗಳ ಹೊಗೆ ಹೆಚ್ಚು ಬಿಸಿ. ಸ್ವೀಡನ್ನಿನ ಫೆರಿಗಳಲ್ಲಿ ಈ ವಿದ್ಯೆ ಬೇಗ ಬೇರೂರಿದ್ದಕ್ಕೆ ಅದೂ ಒಂದು ಕಾರಣ.

ಪೂರ್ಣ ಶಕ್ತಿಯಲ್ಲಿ ಓಡುವಾಗ ಇದೆಲ್ಲ ಸರಿ. ಹಡಗು ನಿಧಾನವಾದರೆ? ನೀರನ್ನು ಸೀಳುವ ಲೆಕ್ಕ ವಿಚಿತ್ರವಾದುದು. ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಎಣ್ಣೆ ಕಡಿಮೆ, ಉರಿ ಕಡಿಮೆ, ಹೊಗೆ ತಣ್ಣಗೆ. ಅಂಬಿಗ ಹುಟ್ಟನ್ನು ಕೆಳಗಿಡುತ್ತಾನೆ. ಹಡಗು ನಿಧಾನವಾಗುವುದು ಎಲ್ಲಿ? ನಡುಗಡಲಿನಲ್ಲಲ್ಲ, ಬಂದರಿನ ಹತ್ತಿರ, ನದೀಮುಖದಲ್ಲಿ, ಕಾಲುವೆಯಲ್ಲಿ. ಜನ ಇರುವುದೂ ಅಲ್ಲಿಯೇ. ಸಾವಿರ ಮೈಲಿ ಯಾರೂ ಇಲ್ಲದ ಕಡೆ ಚೊಕ್ಕಟವಾಗಿ ಬಂದ ಹಡಗು, ಮನೆಗಳ ಕಿಟಕಿ ಕಾಣುವಷ್ಟು ಸಮೀಪ ಬಂದಾಗ ಯೂರಿಯಾವನ್ನು ನಿಲ್ಲಿಸಬೇಕಾಗುತ್ತದೆ. ನಿಧಾನವಾದಾಗ ಒಟ್ಟು ಹೊಗೆಯೇ ಕಡಿಮೆ ಎಂಬುದು ನಿಜ. ಅದಕ್ಕಾಗಿಯೇ ಲಾಸ್ ಏಂಜಲಿಸ್ ಬಂದರಿನವರು 2001ರಿಂದ, ಹತ್ತಿರ ಬಂದ ಹಡಗುಗಳು 12 ನಾಟ್ ಮೀರದೆ ಚಲಿಸಬೇಕೆಂದು ಕೇಳಿಕೊಂಡು ಬಂದಿದ್ದಾರೆ. ಆದರೆ ಯೂನಿಟ್ಟೊಂದಕ್ಕೆ ಇಷ್ಟೇ ಗ್ರಾಂ ಎಂದು ಕಾನೂನು ಕೊಟ್ಟ ಮಾತು ಅಲ್ಲಿ ನಿಲ್ಲುವುದಿಲ್ಲ.

ಕಾನೂನು ಇದನ್ನು ಕಾಣಲಿಲ್ಲವೆ? ಕಾಣದಂತೆ ಪರೀಕ್ಷೆಯ ಕ್ರಮವೇ ಇದೆ. ಎಂಜಿನಿಗೆ ಪ್ರಮಾಣಪತ್ರ ಕೊಡುವಾಗ ಅದನ್ನು ನಾಲ್ಕು ಹೊರೆಗಳಲ್ಲಿ ಓಡಿಸಿ ನೋಡುತ್ತಾರೆ: ಪೂರ್ಣ ಶಕ್ತಿ, ಮುಕ್ಕಾಲು, ಅರ್ಧ, ಕಾಲು. ಸರಾಸರಿ ತೆಗೆಯುವಾಗ ಮುಕ್ಕಾಲು ಶಕ್ತಿಯ ಅಂಕಕ್ಕೆ ನೂರಕ್ಕೆ 50ರ ತೂಕ. ಕಾಲು ಶಕ್ತಿಗೆ 15. ಕಾಲಿಗಿಂತ ಕೆಳಗೆ ಪ್ರಶ್ನೆಯೇ ಇಲ್ಲ. ಕಾಲು ಶಕ್ತಿ ಎಂದರೆ, ಘನದ ಲೆಕ್ಕದಲ್ಲಿ, ಪೂರ್ಣ ವೇಗದ ನೂರಕ್ಕೆ 63 ಪಾಲು. 20 ನಾಟ್ ಓಡಬಲ್ಲ ಹಡಗು 12 ನಾಟಿಗೆ ಇಳಿಯಿತೆಂದರೆ ಪರೀಕ್ಷೆಯ ಹಾಳೆಯಿಂದ ಆಚೆಗೆ ಹೋಯಿತು. ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರಶ್ನೆಪತ್ರಿಕೆ ತೆಗೆದವನು. ಯಾವ ಅಧ್ಯಾಯದಿಂದ ಪ್ರಶ್ನೆ ಬರುವುದಿಲ್ಲವೋ ಅದನ್ನು ಹುಡುಗರು ಓದುವುದಿಲ್ಲ ಎಂಬುದು ನನಗೆ ಗೊತ್ತು. ಎಂಜಿನು ತಯಾರಿಸುವವರಿಗೂ ಗೊತ್ತು. ಕಡಿಮೆ ಹೊರೆಯಲ್ಲೂ ಹೊಗೆಯನ್ನು ಬಿಸಿಯಾಗಿಡುವ ಉಪಾಯಗಳು ಇಲ್ಲವೆಂದಲ್ಲ. ಅವು ಎಣ್ಣೆಯನ್ನು ತಿನ್ನುತ್ತವೆ, ಅಷ್ಟೆ. ಬೆಲ್ಜಿಯಂ ದೇಶದವರು 2020ರಿಂದ ಉತ್ತರ ಸಮುದ್ರದ ಮೇಲೆ ವಿಮಾನ ಹಾರಿಸಿ, ಹೊಗೆಯ ಗೊಂಚಲೊಳಗೇ ನುಗ್ಗಿ ಅಳೆಯುತ್ತಿದ್ದಾರೆ. ಮೂರನೆಯ ಹಂತದ ಹಡಗುಗಳಲ್ಲಿ ಹಲವು ಕಾಗದದ ಅಂಕಕ್ಕಿಂತ ಬಹಳ ಹೆಚ್ಚು ಬಿಡುವುದು ಅವರಿಗೆ ಕಂಡುಬಂದಿದೆ.

ಇನ್ನೊಂದು ಜಾಣತನವನ್ನೂ ಹೇಳಬೇಕು. ಮೂರನೆಯ ಹಂತ ಅನ್ವಯಿಸುವುದು ಹಡಗು ಯಾವಾಗ ನೀರಿಗಿಳಿಯಿತೆಂಬ ದಿನದಿಂದಲ್ಲ, ಅದರ ಅಡಿತೊಲೆ, ಎಂದರೆ ಕೀಲ್, ಇಟ್ಟ ದಿನದಿಂದ. ಅಮೆರಿಕದ ತೀರಕ್ಕೆ ಆ ದಿನ 2016ರ ಜನವರಿ 1. ಐವತ್ತು ಟನ್ನು, ಇಲ್ಲವೆ ಹಡಗಿನ ಕಟ್ಟಡದ ತೂಕದ ನೂರನೆಯ ಒಂದು ಪಾಲು, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಜೋಡಿಸಿದರೆ ಕೀಲ್ ಇಟ್ಟಂತೆ. ಸರಿ, 2015ರಲ್ಲಿ ಹಡಗುಕಟ್ಟೆಗಳಲ್ಲಿ ಕೀಲ್ ಇಡುವ ಸಂಭ್ರಮವೋ ಸಂಭ್ರಮ! ಚುನಾವಣೆಯ ನೀತಿಸಂಹಿತೆ ಜಾರಿಗೆ ಬರುವ ಹಿಂದಿನ ವಾರ ನಮ್ಮಲ್ಲಿ ನಡೆಯುವ ಶಂಕುಸ್ಥಾಪನೆಗಳನ್ನು ಕಂಡವರಿಗೆ ಇದು ಹೊಸದಲ್ಲ. ಆ ಉಕ್ಕಿನ ತುಂಡುಗಳು ವರ್ಷಗಟ್ಟಲೆ ಕಾದು, ಆಮೇಲೆ ಹಡಗುಗಳಾಗಿ, ಹಳೆಯ ಮಿತಿಯ ಎಂಜಿನನ್ನೇ ಹೊತ್ತು ಹೊಸ ನೀರಿಗಿಳಿದವು. ಹಡಗಿನ ಆಯುಸ್ಸು ಇಪ್ಪತ್ತೈದು ವರ್ಷ ಎಂದಿಟ್ಟುಕೊಂಡರೂ 2040ರ ದಶಕದವರೆಗೆ ಅವು ಓಡುತ್ತವೆ. ಬಾಲ್ಟಿಕ್ ಮತ್ತು ಉತ್ತರ ಸಮುದ್ರಗಳಿಗೆ 2017ರಲ್ಲಿ ಇಂಥ ವಲಯವನ್ನು ಒಪ್ಪಿದಾಗ ದಿನಾಂಕವನ್ನು 2021ರ ಜನವರಿ 1 ಎಂದು ಇಟ್ಟರು.

‘ವಲಯ’ ಎಂದೆ. ಕೊನೆಯ ತೊಡಕು ಆ ಮಾತಿನಲ್ಲಿದೆ. 3.4 ಗ್ರಾಂ ಮಿತಿ ಭೂಮಿಯ ಎಲ್ಲ ಕಡಲಿಗೂ ಅಲ್ಲ. ನಕಾಶೆಯ ಮೇಲೆ ಗೆರೆ ಎಳೆದು ಗುರುತಿಸಿದ ವಲಯಗಳಿಗೆ ಮಾತ್ರ. ಉತ್ತರ ಅಮೆರಿಕದ ತೀರದಿಂದ 200 ನಾಟಿಕಲ್ ಮೈಲಿ, ಕೆರೀಬಿಯನ್ನಿನ ಅಮೆರಿಕದ ಭಾಗ, ಉತ್ತರ ಸಮುದ್ರ, ಬಾಲ್ಟಿಕ್. ಈ ಪಟ್ಟಿಗೆ ಈಚೆಗೆ ಉತ್ತರದ ತಂಪು ಕಡಲುಗಳನ್ನು ಸೇರಿಸಲಾಗಿದೆ. ಗೆರೆಯ ಹೊರಗೆ 14.4 ಗ್ರಾಂ ಸಾಕು. ಗೆರೆಯನ್ನು ಹೊಗುವಾಗ ಉಪಕರಣ ಚಾಲೂ ಮಾಡಿದೆವು, ಬಿಡುವಾಗ ನಿಲ್ಲಿಸಿದೆವು ಎಂದು ಹಡಗಿನ ದಾಖಲೆಯಲ್ಲಿ ಬರೆದರಾಯಿತು. ಲಾರಿಯ ಎಂಜಿನಿನಂತೆ ತಾನೇ ಶಕ್ತಿ ಕುಗ್ಗಿಸಿಕೊಳ್ಳುವ ಕಟ್ಟು ಹಡಗಿಗಿಲ್ಲ. ಲಕ್ಷಾಂತರ ರೂಪಾಯಿಯ ಯೂರಿಯಾವನ್ನು ಕೇಳುವವರಿಲ್ಲದ ಕಡೆ ಯಾರು ಎರಚಿಯಾರು?

ನಮ್ಮ ಕರಾವಳಿ ಯಾವ ವಲಯದೊಳಗೂ ಇಲ್ಲ. ಅರಬ್ಬೀ ಸಮುದ್ರವೂ ಇಲ್ಲ, ಬಂಗಾಳ ಕೊಲ್ಲಿಯೂ ಇಲ್ಲ, ಉಪಗ್ರಹ ಕಂಡ ಆ ಗೆರೆಯೂ ಇಲ್ಲ. ಪಣಂಬೂರಿನ ನವಮಂಗಳೂರು ಬಂದರಿನ ಮಗ್ಗುಲಲ್ಲೇ 1976ರಿಂದ ಯೂರಿಯಾ ತಯಾರಿಸುವ ಕಾರ್ಖಾನೆಯೊಂದಿದೆ. 2021ರ ಅನಂತರ ಕಟ್ಟಿದ ಹಡಗೊಂದು, ರಾಟರ್‌ಡ್ಯಾಮಿಗೆ ಹೋಗಿಬರಲೆಂದು ಈ ಉಪಕರಣವನ್ನು ಹೊತ್ತದ್ದು, ಪಣಂಬೂರಿಗೆ ಬಂದರೆ ಅದರ ವೇಗವರ್ಧಕದ ಪೆಟ್ಟಿಗೆಗೆ ಹೋಗುವ ಕವಾಟ ಮುಚ್ಚಿರುತ್ತದೆ. ಹೊಗೆ ಪಕ್ಕದ ಕೊಳವೆಯಿಂದ ನೇರವಾಗಿ ಮೇಲೇರುತ್ತದೆ. ಅದಕ್ಕೆ ಬಣ್ಣವಿರುವುದಿಲ್ಲ.